ಒಂದು ಇಲಕಲ್ ಸೀರೆಗೆ 1,870 ಕೊಂಡಿ

ಅರಕೇರಾ, ದೇವದುರ್ಗ, ಮಾನ್ವಿ ಕಡೆಯ ಬಟ್ಟೆ ಅಂಗಡಿಗಳಲ್ಲಿ ಇಲಕಲ್ ಸೀರೆ ಎಂದು ಕೇಳಿದರೆ ಎರಡು ಬಗೆಯ ಮಾಲು ಮುಂದೆ ಬರುತ್ತದೆ. ಒಂದಕ್ಕೆ ಸಾವಿರದೊಳಗಿನ ಬೆಲೆ. ಇನ್ನೊಂದಕ್ಕೆ ಅದರ ಎರಡು ಪಟ್ಟು, ಮೂರು ಪಟ್ಟು. ಎರಡಕ್ಕೂ ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ತೆನೆ, ಅಗಲ ದಡಿ. ದೂರದಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ವಯಸ್ಸಾದ ಹೆಣ್ಣುಮಕ್ಕಳು ಮಾತ್ರ ಮೋಸ ಹೋಗುವುದಿಲ್ಲ. "ಸೆರಗ ತಿರುವಿ ತೋರ್ಸು ತಮ್ಮಾ" ಎಂದು ಒಡಲೂ ಸೆರಗೂ ಕೂಡುವ ಜಾಗದ ಮೇಲೆ ಬೆರಳಾಡಿಸುತ್ತಾರೆ. ಕೈಮಗ್ಗದ ಸೀರೆಯಾಗಿದ್ದರೆ ಅಲ್ಲಿ ಈ ದಡಿಯಿಂದ ಆ ದಡಿಯವರೆಗೆ ಸಣ್ಣ ಗಂಟಿನಂಥ ಒಂದು ಸಾಲು ಬೆರಳಿಗೆ ತಾಕುತ್ತದೆ. ಅದೇ ಕೊಂಡಿ. ಈ ಸೀರೆಯ ಬೆಲೆ, ಮಾರುಕಟ್ಟೆ, ಮುಂದಿನ ವಿನ್ಯಾಸ ಎಲ್ಲದರ ಲೆಕ್ಕವೂ ಆ ಸಾಲಿನಿಂದಲೇ ಶುರುವಾಗಬೇಕು.

ಬೇರೆ ಸೀರೆಗಳಲ್ಲಿ ಒಂದೇ ಹಾಸಿನ ಮೇಲೆ ನಾಲ್ಕಾರು ಸೀರೆಗಳನ್ನು ಒಂದರ ಹಿಂದೊಂದು ನೇಯ್ದು ಕತ್ತರಿಸಿಕೊಳ್ಳಬಹುದು. ಸಾಂಪ್ರದಾಯಿಕ ಇಲಕಲ್ಲಿನಲ್ಲಿ ಅದು ಸಾಧ್ಯವಿಲ್ಲ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಬೇರೆಯೇ ಆದ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಮಗ್ಗದ ಮೇಲೆ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಪ್ರತಿ ಸೀರೆಗೂ ಈ ಕೆಲಸ ಹೊಸದು. ಆದ್ದರಿಂದಲೇ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಒಡಲಿನ ಬಣ್ಣ ಅದರೊಳಗೆ ಒಂದಿಷ್ಟೂ ಬೆರೆಯುವುದಿಲ್ಲ. ವಿದ್ಯುತ್ ಮಗ್ಗದ ಅಗ್ಗದ ನಕಲಿನಲ್ಲಿ ಒಡಲಿನ ಹಾಸೇ ಸೆರಗಿನೊಳಕ್ಕೂ ಹರಿಯುತ್ತದೆ. ಹಸಿರು ಒಡಲಿದ್ದರೆ ಸೆರಗಿನ ಕೆಂಪು ಕಂದಿ ಕಾಣುತ್ತದೆ.

ಲೆಕ್ಕಕ್ಕೆ ಬರೋಣ. ಎಲ್ಲ ಸೀರೆಗೂ ಒಂದೇ ಅಳತೆ ಇರುವುದಿಲ್ಲ. ನಾನಿಲ್ಲಿ ಹಿಡಿದಿರುವುದು 6 ವಾರದ, 48 ಇಂಚು ಅಗಲದ ಹತ್ತಿ-ರೇಷ್ಮೆ ಸೀರೆ: ಒಡಲಿಗೆ 80ರ ಕೌಂಟಿನ ಹತ್ತಿ ನೂಲು, ಇಂಚಿಗೆ 72 ಹಾಸಿನ ಎಳೆ, 64 ಹೊಕ್ಕಿನ ಎಳೆ. ಎರಡೂ ಕಡೆ 5 ಇಂಚಿನ ರೇಷ್ಮೆ ದಡಿ, ಅದರಲ್ಲಿ ಇಂಚಿಗೆ 100 ಎಳೆ. ಸೆರಗು 24 ಇಂಚು.

ಒಡಲಿನ ಹಾಸಿಗೆ 2,736 ಹತ್ತಿ ಎಳೆ, ದಡಿಗೆ 1,000 ರೇಷ್ಮೆ ಎಳೆ, ಒಟ್ಟು 3,736. ಎರಡೆರಡು ಎಳೆ ಮಡಚಿ ಒಂದು ಕೊಂಡಿ ಎಂದರೂ ಒಂದು ಸೀರೆಗೆ ಹತ್ತಿರ ಹತ್ತಿರ 1,870 ಕೊಂಡಿ. ಕೈ ಪಳಗಿದವರು ನಿಮಿಷಕ್ಕೆ 10 ಹಾಕಿದರೂ 3 ತಾಸು ಮೀರುತ್ತದೆ. ಆ 3 ತಾಸಿನಲ್ಲಿ ಒಂದು ಗೇಣು ಬಟ್ಟೆಯೂ ನೇಯ್ದಿರುವುದಿಲ್ಲ.

ನೇಯ್ಗೆಯ ಲೆಕ್ಕ ಹೀಗಿದೆ. 6 ವಾರ ಎಂದರೆ 216 ಇಂಚು, ಇಂಚಿಗೆ 64ರಂತೆ 13,824 ಸಲ ಲಾಳಿ ಓಡಬೇಕು. ಎಳೆ ಹರಿದಾಗ ನಿಲ್ಲಿಸುವುದು, ಕಂಡಿಕೆ ಬದಲಿಸುವುದು ಎಲ್ಲ ಸೇರಿಸಿ ಕುಣಿಮಗ್ಗದಲ್ಲಿ ನಿಮಿಷಕ್ಕೆ 25 ಸಲ ಎಂದು ಹಿಡಿದರೆ 9 ತಾಸು 13 ನಿಮಿಷ. ನಿಮಿಷಕ್ಕೆ 130ರಂತೆ ಓಡುವ ವಿದ್ಯುತ್ ಮಗ್ಗಕ್ಕೆ ಇದೇ ಕೆಲಸ 106 ನಿಮಿಷದ್ದು. ಬಣ್ಣ ಹಾಕುವುದು, ಹಾಸು ಹೂಡುವುದು, ಗಂಜಿ ಕೊಡುವುದು, ಕಂಡಿಕೆ ಸುತ್ತುವುದು ಸೇರಿದರೆ ಇಬ್ಬರು ದುಡಿದು ಮೂರು ದಿನಕ್ಕೆ ಒಂದು ಸೀರೆ ಇಳಿಯುತ್ತದೆ. ತಿಂಗಳಿಗೆ 24 ದಿನ ಮಗ್ಗ ಆಡಿದರೆ 8 ಸೀರೆ.

ನೂಲಿನ ತೂಕ ನೋಡಿದರೆ ಬೆರಗಾಗುತ್ತದೆ. ಒಡಲಿಗೆ ಹೋಗುವ ಹತ್ತಿ ನೂಲಿನ ಉದ್ದ 28 ಕಿಲೋಮೀಟರ್ ದಾಟುತ್ತದೆ, ತೂಕ ಮಾತ್ರ 210 ಗ್ರಾಂ. 80ರ ಕೌಂಟಿನ ನೂಲು ಒಂದು ಕಿಲೋಗೆ 135 ಕಿಲೋಮೀಟರ್ ಬರುವಷ್ಟು ಸಣ್ಣದು. ರೇಷ್ಮೆ 9 ಕಿಲೋಮೀಟರ್, 42 ಗ್ರಾಂ. ಶೇ 10ರಷ್ಟು ಹಾಳು ಹೋಗುವುದನ್ನು ಸೇರಿಸಿ ಹತ್ತಿ ಕಿಲೋಗೆ ₹500, ಹುರಿ ಮಾಡಿ ಬಣ್ಣ ಹಾಕಿದ ರೇಷ್ಮೆ ಕಿಲೋಗೆ ₹6,000 ಎಂದು ಹಿಡಿದರೆ ನೂಲಿನ ಖರ್ಚು ₹390. ಬಣ್ಣ, ಗಂಜಿ, ಮಗ್ಗದ ಸವಕಳಿಗೆ ₹110. ಒಟ್ಟು ₹500.

ಹತ್ತಿ ಬೆಳೆಯುವ ನಮ್ಮ ಸೀಮೆಯವರಿಗೆ ಇಲ್ಲೊಂದು ಲೆಕ್ಕ ಬಾಕಿ ಇದೆ. ಹಾಳು ಹೋಗುವುದೂ ಸೇರಿ 230 ಗ್ರಾಂ ಸಣ್ಣ ನೂಲಿಗೆ ಸುಮಾರು 320 ಗ್ರಾಂ ಅರಳೆ ಬೇಕು, ಅಂದರೆ ಬೀಜ ಬಿಡಿಸದ ಹತ್ತಿ ಒಂದು ಕಿಲೋಗೆ ತುಸು ಕಡಿಮೆ. 2025-26ರಲ್ಲಿ ಉದ್ದ ಎಳೆ ಹತ್ತಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,110. ಆ ದರದಲ್ಲಿ ಒಂದು ಸೀರೆಯಲ್ಲಿ ರೈತನ ಪಾಲು ₹76. ಅದೂ ನಮ್ಮ ಹೊಲದ ಹತ್ತಿಗಲ್ಲ. ನಮ್ಮಲ್ಲಿನ ಬಿಟಿ ಹತ್ತಿ 30, 40ರ ಕೌಂಟಿಗೆ ಹೊಂದುವಂಥದು. 80ಕ್ಕೆ ಬೇಕಾಗುವುದು ಧಾರವಾಡದಲ್ಲಿ ರೂಪಿಸಿದ ಡಿಸಿಎಚ್-32ರಂಥ ಅತಿ ಉದ್ದ ಎಳೆಯ ತಳಿ. ಲಿಂಗಸೂಗೂರು, ಮುದಗಲ್ ದಾಟಿದರೆ ಸಿಗುವ ಇಲಕಲ್ ಊರಿನ ಸೀರೆಗೆ ನಮ್ಮ ಹತ್ತಿ ಹೋಗುವುದಿಲ್ಲ ಎಂಬುದು ನನಗಂತೂ ಸಂಕಟದ ಸಂಗತಿ.

ಇನ್ನು ಕೂಲಿ. ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2025-26ಕ್ಕೆ ₹370. ಬದು ಹಾಕುವ, ಹೊಂಡ ತೋಡುವ ಕೆಲಸಕ್ಕೆ ಸರ್ಕಾರವೇ ಗೊತ್ತು ಮಾಡಿದ ಈ ದರವನ್ನು ನೇಕಾರನಿಗೂ ಕೊಟ್ಟರೆ ಇಬ್ಬರಿಗೆ ಮೂರು ದಿನಕ್ಕೆ ₹2,220. ಸಾಮಾನಿನ ₹500 ಸೇರಿ ₹2,720. ವ್ಯಾಪಾರಿಯ ಶೇ 25, ಅದರ ಮೇಲೆ ಶೇ 5ರ ಜಿಎಸ್‌ಟಿ ಹಾಕಿದರೆ ಗಿರಾಕಿಯ ಕೈಗೆ ₹3,570. ನ್ಯಾಯವಾದ ಬೆಲೆ ಇದು.

ಆದರೆ ದೇಶದ ನಾಲ್ಕನೆಯ ಕೈಮಗ್ಗ ಗಣತಿ (2019-20) ಬೇರೆಯೇ ಚಿತ್ರ ಕೊಡುತ್ತದೆ. ಎಣಿಸಿದ ಕೈಮಗ್ಗ ಕುಟುಂಬಗಳು 31.45 ಲಕ್ಷ. ಅವುಗಳಲ್ಲಿ ಶೇ 66.3ರಷ್ಟಕ್ಕೆ ತಿಂಗಳಿಗೆ ₹5,000ಕ್ಕಿಂತ ಕಡಿಮೆ ಆದಾಯ. ₹5,000ವನ್ನು 8 ಸೀರೆಗೆ ಹಂಚಿದರೆ ಸೀರೆಗೆ ₹625. ಇಬ್ಬರು ಮೂರು ದಿನ ದುಡಿದರೆ ಆರು ಆಳು, ಆಳಿಗೆ ₹104. ಇದೇ ಕೂಲಿಯಲ್ಲಿ ಸೀರೆಯ ಅಂಗಡಿ ಬೆಲೆ ₹1,477ಕ್ಕೆ ಇಳಿಯುತ್ತದೆ. ಕೊಂಡಿ ಇರುವ ಕೈಮಗ್ಗದ ಸೀರೆ ಹದಿನೈದು ನೂರಕ್ಕೆ ಸಿಕ್ಕಿತೆಂದು ಯಾರಾದರೂ ಸಂತೋಷಪಟ್ಟರೆ, ಉಳಿದ ₹2,093 ಎಲ್ಲಿಂದ ಕಡಿತವಾಗಿದೆ ಎಂದು ಅವರು ನೋಡಬೇಕು. ಅದರ ಬಹುಪಾಲು ನೇಯ್ದವರ ಮನೆಯ ದುಡ್ಡು. ರಾಜ್ಯದ ನೇಕಾರ ಸಮ್ಮಾನ್ ಯೋಜನೆ ವರ್ಷಕ್ಕೆ ₹5,000 ಕೊಡುತ್ತದೆ. ವರ್ಷದ 96 ಸೀರೆಗೆ ಹಂಚಿದರೆ ಸೀರೆಗೆ ₹52. ಬೇಡವೆನ್ನುವ ಮೊತ್ತವಲ್ಲ, ಆದರೆ ಅಂತರ ತುಂಬುವಷ್ಟೂ ಅಲ್ಲ.

ಮಾರುಕಟ್ಟೆ ಮುಂದೆ ಎತ್ತ ಹೋಗುತ್ತದೆ ಎಂಬುದಕ್ಕೆ ಎರಡು ದಿನಾಂಕಗಳು ಸೂಚನೆ ಕೊಡುತ್ತವೆ. 2023ರ ಫೆಬ್ರುವರಿ 1ರಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಬಜೆಟ್ ಮಂಡಿಸಿದ್ದು ಕೆಂಪು ಇಲಕಲ್ ರೇಷ್ಮೆ ಸೀರೆಯುಟ್ಟು. ಅದರ ಮೇಲೆ ಧಾರವಾಡದ ಕಸೂತಿ, ತೂಕ ಸುಮಾರು 800 ಗ್ರಾಂ, ನಾವು ಮೇಲೆ ಲೆಕ್ಕ ಹಾಕಿದ ಸೀರೆಯ ಮೂರು ಪಟ್ಟು. ದೇಶವೆಲ್ಲ ಆ ಹೆಸರನ್ನು ಕೇಳಿತು. ಇನ್ನೊಂದು ದಿನಾಂಕ 2025ರ ಸೆಪ್ಟೆಂಬರ್ 22. ಅಂದಿನಿಂದ ಕೃತಕ ನಾರಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ, ಕೃತಕ ನೂಲಿನದು ಶೇ 12ರಿಂದ 5ಕ್ಕೆ ಇಳಿದಿದೆ. ನಕಲು ಸೀರೆಯ ಬಹುಪಾಲು ನೇಯುವುದು ಇಂಥ ನೂಲಿನಿಂದಲೇ. ಹೆಸರಿನ ಬೇಡಿಕೆ ಏರುತ್ತಿದೆ, ಹೆಸರಿನ ನಕಲು ಇನ್ನಷ್ಟು ಅಗ್ಗವಾಗುತ್ತಿದೆ. ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದ್ದರೂ ಸಣ್ಣ ಊರಿನ ಅಂಗಡಿಯಲ್ಲಿ ಅದರ ಚೀಟಿ ಕೇಳುವವರು ವಿರಳ.

ಹಾಗಾದರೆ ಕೊಂಡಿಯನ್ನೇ ಬಿಟ್ಟು ಖರ್ಚು ಇಳಿಸಬಾರದೇ? ಈ ಸಲಹೆ ಆಗಾಗ ಕೇಳಿಬರುತ್ತದೆ, ಕೆಲವು ಮಗ್ಗಗಳಲ್ಲಿ ಆಚರಣೆಗೂ ಬಂದಿದೆ. ಕೊಂಡಿಯ 3 ತಾಸು, ಸೆರಗಿಗೆ ಪ್ರತ್ಯೇಕ ಹಾಸು ಹೂಡುವ ಹೊತ್ತು ಎಲ್ಲ ಸೇರಿ ಒಂದು ದಿನ ಉಳಿಯಿತು ಎನ್ನೋಣ. ಇಬ್ಬರ ಕೂಲಿ ₹740 ಕಡಿಮೆಯಾಗಿ ಅಂಗಡಿ ಬೆಲೆ ₹3,570ರಿಂದ ₹2,600ಕ್ಕೆ ಬರುತ್ತದೆ. ಎದುರಿಗಿರುವುದು ಸಾವಿರದೊಳಗಿನ ಸೀರೆ. ₹2,600ಕ್ಕೂ ಸೋಲೇ. ಆಮೇಲೆ ಗಿರಾಕಿಯ ಬೆರಳಿಗೆ ತಾಕುವ ಗುರುತೂ ಇರುವುದಿಲ್ಲ. ಬೆಲೆಯ ಪೈಪೋಟಿಯಲ್ಲಿ ಕೈಮಗ್ಗ ಗೆಲ್ಲುವ ಅಂಕಿ ಯಾವ ಕಡೆಯಿಂದ ಕೂಡಿದರೂ ಸಿಗುವುದಿಲ್ಲ. ಆದ್ದರಿಂದ ವಿನ್ಯಾಸದಲ್ಲಿ ಏನು ಬೇಕಾದರೂ ಬದಲಾಗಲಿ, ಕೊಂಡಿ ಮತ್ತು ಟೋಪ ತೆನಿ ಎನ್ನುವ ಬಿಳಿ ತೆನೆಯ ಕೆಂಪು ಸೆರಗು ಬದಲಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬದಲಿಸಲು ಉಳಿದದ್ದು ಬಹಳ ಇದೆ. ಒಡಲಿನ ಗೆರೆ, ಚೌಕಡಿ, ಬಣ್ಣ ಎಲ್ಲವೂ ಮುಕ್ತ. ದಾಳಿಂಬೆ ಕೆಂಪು, ಗಿಣಿಹಸಿರು, ನವಿಲುಬಣ್ಣಗಳ ಜೊತೆಗೆ ಎಳೆಯರು ಕೇಳುವ ತಿಳಿಬಣ್ಣಗಳು ಬರಲಿ. ಗೋಮಿ, ಪರಾಸಪೇಟ, ಗಾಡಿ ದಡಿಗಳಲ್ಲಿ ಯಾವುದನ್ನಾದರೂ ಕಿರಿದು ಮಾಡಬಹುದು. 5 ಇಂಚಿನ ದಡಿಯನ್ನು 2 ಇಂಚಿಗೆ ಇಳಿಸಿದರೆ ದಡಿಯ ರೇಷ್ಮೆಯಲ್ಲಿ ಶೇ 60 ಉಳಿತಾಯ. ಹಣಗಿ, ಕೋಟೆ, ಜೋಳದ ತೆನೆ ಎಂದು ಹೆಸರು ಪಡೆದ ಸೆರಗಿನ ಹಲ್ಲುಗಳಂತೂ ಜೋಳ ಬೆಳೆಯುವ ನಾಡಿನ ಸ್ವಂತ ಆಸ್ತಿ, ಅವಕ್ಕೆ ಕೈ ಹಚ್ಚುವ ಅಗತ್ಯವಿಲ್ಲ.

ಅಳತೆ ಬದಲಿಸುವಾಗ ಮಾತ್ರ ಎಚ್ಚರ ಬೇಕು. ನಮ್ಮ ಅಜ್ಜಿಯರು ಉಡುತ್ತಿದ್ದ 9 ವಾರದ ಸೀರೆಗೆ 20,736 ಸಲ ಲಾಳಿ ಓಡಬೇಕು, ಸುಮಾರು 14 ತಾಸು. ಕೊಂಡಿ ಮಾತ್ರ ಅಷ್ಟೇ, 1,870. ಸೀರೆ ಉದ್ದವಾದಷ್ಟೂ ವಾರಕ್ಕೆ ಬೀಳುವ ಕೊಂಡಿಯ ಖರ್ಚು ಇಳಿಯುತ್ತಿತ್ತು. ಈಗ ಪೇಟೆಯಲ್ಲಿ ಕೇಳುವುದು ಇದಕ್ಕೆ ವಿರುದ್ಧ: ದುಪಟ್ಟಾ. 36 ಇಂಚು ಅಗಲ, ಎರಡೂವರೆ ಮೀಟರ್ ಉದ್ದದ ದುಪಟ್ಟಾ ನೇಯಲು 4 ತಾಸು 10 ನಿಮಿಷ ಸಾಕು. ಒಂದು ತುದಿಗೆ ಸೆರಗು ಕೂಡಿಸಲು ಸುಮಾರು 1,400 ಕೊಂಡಿ, 2 ತಾಸು 20 ನಿಮಿಷ. ಎರಡೂ ತುದಿಗೆ ಸೆರಗು ಬೇಕೆಂದರೆ 4 ತಾಸು 40 ನಿಮಿಷ, ನೇಯುವ ಹೊತ್ತಿಗಿಂತ ಕೂಡಿಸುವ ಹೊತ್ತೇ ಹೆಚ್ಚು. ದುಪಟ್ಟಾ ಚಿಕ್ಕದು, ಆದ್ದರಿಂದ ಸೀರೆಯ ಅರ್ಧ ಬೆಲೆಗೆ ಕೊಡಿ ಎಂದು ವ್ಯಾಪಾರಿ ಕೇಳಿದರೆ ನೇಕಾರ ಮೊದಲ ತುದಿಗೇ ನಷ್ಟದಲ್ಲಿರುತ್ತಾನೆ. ಒಂದೇ ತುದಿಗೆ ಕೊಂಡಿಯ ಸೆರಗು, ಇನ್ನೊಂದು ತುದಿಗೆ ಒಡಲಿನದೇ ಚೌಕಡಿ ಎಂದು ಮೊದಲೇ ಗೊತ್ತು ಮಾಡಿಕೊಂಡು, ಕೊಂಡಿಯ ಕೂಲಿಯನ್ನು ನೇಯ್ಗೆಯ ಕೂಲಿಯಿಂದ ಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಂಡರೆ ಈ ಮಾಲು ನಡೆಯುತ್ತದೆ.