ಕೋರೆಹಲ್ಲು ಇದ್ದವರೆಲ್ಲ ಮಾಂಸಾಹಾರಿಗಳೇ? ಹಲ್ಲು ನೋಡಿ ಆಹಾರ ಹೇಳಬಹುದೇ?

‘ಮನುಷ್ಯನಿಗೆ ಕೋರೆಹಲ್ಲು ಇದೆ, ಹಾಗಾಗಿ ನಾವು ಹುಟ್ಟಿನಿಂದಲೇ ಮಾಂಸಾಹಾರಿಗಳು’ ಎನ್ನುತ್ತದೆ ಒಂದು ಫಾರ್ವರ್ಡ್. ‘ನಮ್ಮ ಹಲ್ಲು ಹಸುವಿನ ಹಲ್ಲಿನಂತೆ ಚಪ್ಪಟೆ, ಹಾಗಾಗಿ ಮಾಂಸ ತಿನ್ನುವುದು ಪ್ರಕೃತಿಗೆ ವಿರುದ್ಧ’ ಎನ್ನುತ್ತದೆ ಇನ್ನೊಂದು. ಎರಡೂ ಹಲ್ಲನ್ನೇ ಸಾಕ್ಷಿಗೆ ಕರೆಯುತ್ತವೆ. ಆ ಸಾಕ್ಷಿ ನಿಜವಾಗಿ ಏನು ಹೇಳುತ್ತದೆ, ನೋಡೋಣ.

ಹಸುವಿನ ಬಾಯಿಯಲ್ಲಿ ಏನಿದೆ?

ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳೇ ಇಲ್ಲ. ಅಲ್ಲಿರುವುದು ಗಟ್ಟಿಯಾದ ವಸಡಿನ ದಿಂಡು. ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಂಡು, ಕೆಳಗಿನ ಹಲ್ಲುಗಳಿಂದ ಆ ದಿಂಡಿಗೆ ಒತ್ತಿ ಕೀಳುತ್ತದೆ. ನಿಜವಾದ ಕೆಲಸ ಹಿಂದಿನ ದವಡೆಹಲ್ಲುಗಳದ್ದು. ಅವುಗಳ ಮೇಲೆ ಏಣುಗಳಿರುತ್ತವೆ. ದವಡೆ ಪಕ್ಕಕ್ಕೆ ಹೊರಳುತ್ತಾ ಬೀಸುವ ಕಲ್ಲಿನಂತೆ ನಾರನ್ನು ಅರೆಯುತ್ತದೆ. ಹಸು ಮೆಲುಕು ಹಾಕುವುದನ್ನು ನೋಡಿದವರಿಗೆ ಈ ಚಲನೆ ಗೊತ್ತೇ ಇರುತ್ತದೆ.

ಹುಲಿಯದ್ದು ಕತ್ತರಿ

ಹುಲಿಗೆ 30 ಹಲ್ಲುಗಳು. ಉದ್ದನೆಯ ಕೋರೆಹಲ್ಲು ಬೇಟೆಯನ್ನು ಹಿಡಿದು ಕೊಲ್ಲಲು. ಆದರೆ ಮಾಂಸ ತಿನ್ನುವ ಪ್ರಾಣಿಯ ನಿಜವಾದ ಗುರುತು ಬಾಯಿಯ ಹಿಂಭಾಗದಲ್ಲಿದೆ. ಅಲ್ಲಿ ಮೇಲಿನ ಒಂದು ಹಲ್ಲು, ಕೆಳಗಿನ ಒಂದು ಹಲ್ಲು ಕತ್ತರಿಯ ಅಲಗುಗಳಂತೆ ಒಂದಕ್ಕೊಂದು ಉಜ್ಜಿ ಮಾಂಸವನ್ನು ತುಂಡರಿಸುತ್ತವೆ. ಹುಲಿಯ ದವಡೆ ಮೇಲೆ-ಕೆಳಗೆ ಆಡುತ್ತದೆ, ಹಸುವಿನಂತೆ ಪಕ್ಕಕ್ಕೆ ಹೊರಳಿ ಅರೆಯಲಾರದು. ಮನೆಯ ಬೆಕ್ಕಿನ ಬಾಯಿಯೂ ಇದೇ ಮಾದರಿಯದ್ದು.

ಕೋರೆಹಲ್ಲನ್ನು ಮಾತ್ರ ನಂಬಿದರೆ?

ಮೋಸ ಹೋಗುತ್ತೇವೆ. ನೀರಾನೆಯ ಕೋರೆಹಲ್ಲು ಅರ್ಧ ಮೀಟರ್‌ವರೆಗೂ ಬೆಳೆಯಬಲ್ಲದು, ಆದರೆ ಅದರ ಮುಖ್ಯ ಆಹಾರ ಹುಲ್ಲು. ಆ ಹಲ್ಲು ಇರುವುದು ಜಗಳಕ್ಕೆ. ನಮ್ಮ ಕಾಡುಗಳ ಗಂಡು ಮುಸಿಯಕ್ಕೂ ಚೂಪಾದ ಉದ್ದ ಕೋರೆಹಲ್ಲುಗಳಿವೆ, ಆದರೆ ಅದು ಹೆಚ್ಚಾಗಿ ತಿನ್ನುವುದು ಎಲೆ, ಹಣ್ಣು, ಕಾಯಿ. ಚೀನಾದ ಪಾಂಡಾ ಕರಡಿಗಳ ಕುಟುಂಬಕ್ಕೆ ಸೇರಿದ್ದು. ಅದಕ್ಕೂ ಕೋರೆಹಲ್ಲುಗಳಿವೆ, ಜೀರ್ಣಾಂಗವೂ ಮಾಂಸಾಹಾರಿಗಳಂತೆ ಚಿಕ್ಕದು. ಆದರೂ ಅಗಲವಾದ ದವಡೆಹಲ್ಲುಗಳಿಂದ ದಿನಕ್ಕೆ 12 ಕೆ.ಜಿ.ಗೂ ಹೆಚ್ಚು ಬಿದಿರು ಅಗಿಯುತ್ತದೆ.

ಹಾಗಾದರೆ ನಮ್ಮ ಹಲ್ಲು?

ದೊಡ್ಡವರಿಗೆ 32 ಹಲ್ಲುಗಳು. ಹಸುವಿಗೂ 32! ಆದರೆ ಎಣಿಕೆ ಒಂದೇ ಆದ ಮಾತ್ರಕ್ಕೆ ಆಹಾರ ಒಂದೇ ಆಗುವುದಿಲ್ಲ. ನಮ್ಮ ಕೋರೆಹಲ್ಲು ಚಿಕ್ಕದು, ಬೇಟೆ ಹಿಡಿಯಲು ಸಾಲದು. ಹುಲಿಯ ಕತ್ತರಿಹಲ್ಲು ನಮಗಿಲ್ಲ. ಹಸುವಿನ ಏಣುಗಳೂ ಇಲ್ಲ. ನಮ್ಮ ದವಡೆಹಲ್ಲಿನ ಮೇಲಿರುವುದು ಗುಂಡಗಿನ ಗುಬುಟುಗಳು. ಸಿಕ್ಕಿದ್ದನ್ನೆಲ್ಲ ತಿನ್ನುವ ಹಂದಿಯ ಹಲ್ಲುಗಳಲ್ಲೂ ಇಂಥವೇ ಇವೆ. ಜೊತೆಗೆ ಚಾಕು, ಒರಳು, ಒಲೆ ಬಂದ ಮೇಲೆ ಹಲ್ಲಿನ ಅರ್ಧ ಕೆಲಸ ಅಡುಗೆಮನೆಯಲ್ಲೇ ಮುಗಿಯುತ್ತದೆ.

ಅಂದರೆ ಮನುಷ್ಯ ಸಸ್ಯ, ಮಾಂಸ ಎರಡನ್ನೂ ತಿನ್ನಬಲ್ಲ. ಯಾವುದನ್ನು ತಿನ್ನಬೇಕು ಎಂಬುದನ್ನು ಹಲ್ಲು ಹೇಳುವುದಿಲ್ಲ.

ಇದರಿಂದ ಏನು ತೊಂದರೆ?

ಇಂಥ ಫಾರ್ವರ್ಡ್ ನಂಬಿ ಆಹಾರ ಬದಲಿಸಿದರೆ ಹಲ್ಲಿನಲ್ಲಿ ಕಾಣದ ಸಂಗತಿಗಳು ತಪ್ಪಿಹೋಗುತ್ತವೆ. ವಿಟಮಿನ್ ಬಿ12 ಸ್ವಾಭಾವಿಕವಾಗಿ ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಂಥ ಪ್ರಾಣಿಮೂಲದ ಆಹಾರದಲ್ಲಿ. ಹಾಲನ್ನೂ ಬಿಡುವವರು ಬಿ12 ಸೇರಿಸಿದ ಆಹಾರವನ್ನೋ ಮಾತ್ರೆಯನ್ನೋ ತೆಗೆದುಕೊಳ್ಳಲೇಬೇಕು. ಇದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ನರಗಳ ಹಾನಿ ಆಗಬಹುದು. ಸಂದೇಹವಿದ್ದರೆ ವೈದ್ಯರನ್ನು ಕೇಳಿ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಮನೆಯ ಬೆಕ್ಕಿನ ಕತೆ ಬೇರೆ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಮೀನು-ಮಾಂಸದಿಂದಲೇ ಪಡೆಯಬೇಕು. ಬರೀ ಹಾಲು-ಅನ್ನದಲ್ಲಿ ಸಾಕಿದರೆ ಅದರ ಕಣ್ಣು, ಹೃದಯ ಹಾಳಾಗಬಹುದು.

ನಾವು ಕಂಡುಕೊಂಡದ್ದು: ಎರಡೂ ಫಾರ್ವರ್ಡ್‌ಗಳು ಅರ್ಧ ಸತ್ಯ. ಸಸ್ಯಾಹಾರವೋ ಮಾಂಸಾಹಾರವೋ, ಅದು ನಿಮ್ಮ ಮನೆಯ ರೂಢಿ, ನಂಬಿಕೆ, ಆರೋಗ್ಯಕ್ಕೆ ಬಿಟ್ಟದ್ದು. ಅದಕ್ಕೆ ಕೋರೆಹಲ್ಲಿನ ಪುರಾವೆ ಕೊಡುವ ಸಂದೇಶ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಬದಲು ನೀರಾನೆಯ ಒಂದು ಫೋಟೊ ಕಳಿಸಿ.