ಕಡಲ ಕಥೆಗಳಲ್ಲಿ ಪ್ರೇತಗಳು: ಒಂದು ವಿವೇಚನೆ

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗಳು ಕಡಲನ್ನು ಕಾಣದ ನಾಡು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆಯು ಗುಬ್ಬಿ ತಾಲ್ಲೂಕಿನ ಕಡಬದ ಕೆರೆಗೆ ನೀರುಣಿಸಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲಿ ತಂಗಿ, ಮುಂದೆ ಕಾವೇರಿಯನ್ನು ಕೂಡಿ ಸಮುದ್ರವನ್ನು ಸೇರುತ್ತದೆ. ಇಲ್ಲಿಯ ನೀರು ಹೀಗೆ ಕಡಲಿಗೆ ಹೋಗುವುದೇನೋ ನಿಜ. ಆದರೆ ಕಡಲು ಇಲ್ಲಿಯ ಮಕ್ಕಳ ಬಳಿಗೆ ಬಂದುದು ಬಹುಮಟ್ಟಿಗೆ ಪುಸ್ತಕಗಳ ಮೂಲಕ. ಹಾಗೆ ಬಂದ ಕಡಲು ತನ್ನೊಡನೆ ಬಿರುಗಾಳಿಯನ್ನೂ ಹಡಗುಗಳನ್ನೂ ತಂದಂತೆ ಪ್ರೇತಗಳನ್ನೂ ತಂದಿತು.

ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ೧೮೮೪ರಲ್ಲಿ ಜನಿಸಿದ ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ೧೯೨೬ರಲ್ಲಿ ಪ್ರಕಟವಾಯಿತು. ಅದರಲ್ಲಿಯ ‘ಕರಿಹೆಗ್ಗಡೆಯ ಮಗಳು’ ಎಂಬ ಕವನವನ್ನು ಹಲವು ತಲೆಮಾರುಗಳ ವಿದ್ಯಾರ್ಥಿಗಳು ಓದಿ ಮರುಗಿದ್ದಾರೆ. ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ ಬರೆದ ಇದರ ಮೂಲದಲ್ಲಿ, ಪ್ರೇಮಿಗಳ ದೋಣಿ ಮುಳುಗುವ ಮುನ್ನ ಬಿರುಗಾಳಿಯ ನಡುವೆ ಜಲಪ್ರೇತವೊಂದು ಚೀರುತ್ತದೆ. ಅನಂತರ ಕುವೆಂಪು ಅವರು ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕವನ್ನು ‘ಬಿರುಗಾಳಿ’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದರು. ಅದೂ ಹಡಗೊಂದರ ದುರಂತದಿಂದಲೇ, ಮಾಂತ್ರಿಕನೊಬ್ಬನು ಎಬ್ಬಿಸಿದ ಗಾಳಿಯಿಂದಲೇ ಆರಂಭವಾಗುವ ಕಥೆ. ಪಾಶ್ಚಾತ್ಯರ ಕಡಲ ಸಾಹಿತ್ಯದಲ್ಲಿ ಅಲೌಕಿಕದ ಅಂಶ ಇಷ್ಟೊಂದು ಬೆಳೆದುದೇಕೆ? ಅದನ್ನು ತಿಳಿಯಬೇಕಾದರೆ ಹಾಯಿಹಡಗುಗಳ ಕಾಲದ ಬಾಳನ್ನು ಕೊಂಚ ಅರಿಯಬೇಕು.

ಹದಿನಾರನೆಯ ಶತಮಾನದಿಂದ ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಸಾಗರಗಳ ಮೇಲಿನ ಸಂಚಾರವೆಲ್ಲ ಗಾಳಿಯ ಕೃಪೆಯನ್ನೇ ಅವಲಂಬಿಸಿತ್ತು. ಗಾಳಿ ಮುನಿದರೆ ಹಡಗು ಒಡೆಯುತ್ತಿತ್ತು. ಗಾಳಿ ನಿಂತರೆ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತಿತ್ತು. ತಾಜಾ ಕಾಯಿಪಲ್ಯ, ಹಣ್ಣುಗಳಿಲ್ಲದೆ ನಾವಿಕರ ವಸಡು ಕೊಳೆತು, ಹಳೆಯ ಗಾಯಗಳು ಮತ್ತೆ ಬಾಯಿಬಿಡುವ ಸ್ಕರ್ವಿ ರೋಗ ಹರಡುತ್ತಿತ್ತು. ೧೭೪೦ರಲ್ಲಿ ಆನ್ಸನ್ನನ ನೇತೃತ್ವದಲ್ಲಿ ಇಂಗ್ಲೆಂಡಿನಿಂದ ಹೊರಟು ನಾಲ್ಕು ವರ್ಷಗಳ ಬಳಿಕ ಮರಳಿದ ಯಾತ್ರೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ರೋಗಗಳಿಗೆ ಬಲಿಯಾದರು. ಸತ್ತವನನ್ನು ಅವನು ಮಲಗುತ್ತಿದ್ದ ತೂಗುಹಾಸಿಗೆಯಲ್ಲೇ ಸುತ್ತಿ ಹೊಲಿದು, ಕಾಲಿನ ಬಳಿ ಭಾರ ಕಟ್ಟಿ ನೀರಿಗೆ ಬಿಡುತ್ತಿದ್ದರು. ನೆಲದ ಮೇಲೆ ಸತ್ತವನಿಗೆ ಒಂದು ಸಮಾಧಿಯಾದರೂ ಉಂಟು, ಅದರ ಬಳಿ ಕುಳಿತು ಅಳುವವರುಂಟು. ಕಡಲಿನಲ್ಲಿ ಸತ್ತವನಿಗೆ ಗುರುತಿನ ಕಲ್ಲೊಂದೂ ಇಲ್ಲ. ಇಂಥ ಬಾಳಿನಲ್ಲಿ ಪ್ರೇತದ ಕಥೆ ಹುಟ್ಟಿದುದು ಅಚ್ಚರಿಯಲ್ಲ.

ಈ ಬಗೆಯ ಕಾವ್ಯಗಳಲ್ಲಿ ಅಗ್ರಗಣ್ಯವಾದುದು ಕೋಲ್‌ರಿಜ್ ಕವಿಯು ೧೭೯೮ರಲ್ಲಿ ಪ್ರಕಟಿಸಿದ ವೃದ್ಧ ನಾವಿಕನ ಕಥನಕವನ. ಅದರ ಹಿಂದೆ ನಿಜವಾದ ಘಟನೆಯೊಂದಿದೆ. ೧೭೧೯ರಲ್ಲಿ ದಕ್ಷಿಣ ಅಮೆರಿಕದ ತುದಿಯ ಕಡಲಿನಲ್ಲಿ, ಪ್ರತಿಕೂಲ ಗಾಳಿಗೆ ಸಿಕ್ಕಿದ್ದ ಹಡಗೊಂದನ್ನು ಕಪ್ಪು ಆಲ್ಬಟ್ರಾಸ್ ಹಕ್ಕಿಯೊಂದು ಹಿಂಬಾಲಿಸುತ್ತಿತ್ತು. ಅದನ್ನು ಅಪಶಕುನವೆಂದು ಬಗೆದ ಹ್ಯಾಟ್ಲಿ ಎಂಬ ಅಧಿಕಾರಿ ಗುಂಡಿಟ್ಟು ಕೊಂದನು. ಹಡಗಿನ ಕಪ್ತಾನ ಷೆಲ್‌ವಾಕ್ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ದಾಖಲಿಸಿದನು. ಅದನ್ನು ಓದಿದ್ದ ವರ್ಡ್ಸ್‌ವರ್ತ್ ಗೆಳೆಯ ಕೋಲ್‌ರಿಜ್‌ಗೆ ಸೂಚಿಸಿದನು. ಗಮನಿಸಬೇಕಾದ ಮಾತೆಂದರೆ, ಕವಿಯು ಶಕುನವನ್ನು ತಲೆಕೆಳಗು ಮಾಡಿದನು. ಅವನ ಕಾವ್ಯದಲ್ಲಿ ಕೇಡು ತಂದದ್ದು ಹಕ್ಕಿಯಲ್ಲ, ನಂಬಿ ಬಳಿಗೆ ಬಂದ ಹಕ್ಕಿಯನ್ನು ಕೊಂದ ಕೈ. ಇನ್ನೂರು ಮಂದಿ ಸಂಗಾತಿಗಳು ಸತ್ತು ಬೀಳುತ್ತಾರೆ. ಸತ್ತವರೇ ಎದ್ದು ಹಗ್ಗ ಎಳೆಯುತ್ತಾರೆ. ನೀರಿನಲ್ಲಿ ಹೊಳೆಯುವ ಹಾವುಗಳನ್ನು ಕಂಡು ನಾವಿಕನು ಮನದಲ್ಲೇ ಹರಸಿದಾಗ ಮಾತ್ರ ಕೊರಳಿನ ಪಾಪದ ಹೊರೆ ಕಳಚಿ ಬೀಳುತ್ತದೆ. ಆದರೂ ಊರೂರು ತಿರುಗಿ ತನ್ನ ಕಥೆಯನ್ನು ಹೇಳುತ್ತಲೇ ಇರಬೇಕೆಂಬ ಶಿಕ್ಷೆ ಅವನಿಗೆ ತಪ್ಪುವುದಿಲ್ಲ.

ಇಷ್ಟೇ ಪ್ರಸಿದ್ಧವಾದುದು ಹಾರುವ ಡಚ್ಚನ ಐತಿಹ್ಯ. ಆಫ್ರಿಕದ ದಕ್ಷಿಣದಲ್ಲಿರುವ ಗುಡ್‌ಹೋಪ್ ಭೂಶಿರವನ್ನು ದಾಟಿಯೇ ತೀರುವೆನೆಂದು ಬಿರುಗಾಳಿಯಲ್ಲಿ ಆಣೆಯಿಟ್ಟ ಕಪ್ತಾನನೊಬ್ಬನು ಎಂದೆಂದಿಗೂ ದಡ ಕಾಣದೆ ಅಲೆಯುತ್ತಿರುವನೆಂಬುದು ಅದರ ಸಾರ. ಮ್ಯಾರಿಯಟ್ಟನು ೧೮೩೯ರಲ್ಲಿ ಇದನ್ನು ಕಾದಂಬರಿಯಾಗಿಸಿದನು; ೧೮೪೩ರಲ್ಲಿ ವಾಗ್ನರನ ಸಂಗೀತ ನಾಟಕ ರಂಗವೇರಿತು. ಆದರೆ ೧೮೨೧ರಲ್ಲಿ ಬ್ಲ್ಯಾಕ್‌ವುಡ್ಸ್ ಪತ್ರಿಕೆಯಲ್ಲಿ ಬಂದ ಸಣ್ಣ ಕಥೆಯೊಂದು ಇವೆಲ್ಲಕ್ಕಿಂತ ಮನ ಕಲಕುವಂಥದು. ಅದರಲ್ಲಿ ಪ್ರೇತನೌಕೆಯ ಜನರು ಎದುರಾದ ಹಡಗಿಗೆ ಬಂದು, ತಮ್ಮ ಊರಿಗೆ ಕಾಗದಗಳನ್ನು ಮುಟ್ಟಿಸಿರೆಂದು ಬೇಡುತ್ತಾರೆ. ವಿಳಾಸದಲ್ಲಿರುವ ಹೆಂಡಿರು, ಬಂಧುಗಳು ಸತ್ತು ಎಷ್ಟೋ ಕಾಲವಾಗಿದೆ. ಅದು ಆ ಪ್ರೇತಗಳಿಗೆ ತಿಳಿಯದು. ಹೆದರಿದ ನಾವಿಕರು ಕಾಗದಗಳನ್ನು ಮುಟ್ಟುವುದೇ ಇಲ್ಲ. ಓದುಗನಿಗೆ ಕೊನೆಯಲ್ಲಿ ಉಳಿಯುವುದು ಭಯವಲ್ಲ, ಮರುಕ.

ಇವುಗಳಿಗೆ ವಿಜ್ಞಾನದ ವಿವರಣೆಯೂ ಉಂಟು. ತಣ್ಣನೆಯ ನೀರಿಗೆ ತಾಗಿದ ತಂಪು ಗಾಳಿಯ ಮೇಲೆ ಬಿಸಿಗಾಳಿಯ ಪದರವಿದ್ದಾಗ ಬೆಳಕು ಬಾಗಿ, ದಿಗಂತದಾಚೆಯ ಹಡಗು ಬಾನಿನಲ್ಲಿ ತೇಲಿದಂತೆ ಕಾಣುತ್ತದೆ. ಗುಡುಗಿನ ಮೋಡಗಳ ವಿದ್ಯುತ್ಪ್ರಭಾವದಿಂದ ಕೂವೆಮರದ ತುದಿಯಲ್ಲಿ ನೀಲಿ ಬೆಳಕು ಉರಿಯುತ್ತದೆ. ಷೇಕ್ಸ್‌ಪಿಯರನ ಮಾಯಾವಿ ಏರಿಯಲ್ ತಾನು ಹಡಗಿನ ಮೇಲೆ ಜ್ವಾಲೆಯಾಗಿ ಕುಣಿದೆನೆನ್ನುವುದರ ಮೂಲ ಇದೇ ಎಂದು ವಿದ್ವಾಂಸರು ಎಣಿಸುತ್ತಾರೆ. ರಾತ್ರಿಯ ಕಡಲು ಬೆಳಗುವುದು ಅತಿ ಸಣ್ಣ ಜೀವಿಗಳಿಂದ. ಸ್ಕರ್ವಿಯು ಶಾಪವಲ್ಲ, ಹುಳಿಹಣ್ಣುಗಳಿಂದ ಅದು ಗುಣವಾಗುವುದೆಂದು ಜೇಮ್ಸ್ ಲಿಂಡ್ ಎಂಬ ವೈದ್ಯನು ೧೭೪೭ರಲ್ಲಿ ನಾವಿಕರ ಮೇಲೆ ಪ್ರಯೋಗ ಮಾಡಿ ತೋರಿಸಿದನು.

ಆದರೆ ಕಾರಣ ತಿಳಿದ ಮೇಲೂ ಕಥೆಗಳು ಸಾಯಲಿಲ್ಲ. ಏಕೆಂದರೆ ಅವು ಹೇಳುವುದು ಬೆಳಕಿನ ವಿಷಯವನ್ನಲ್ಲ, ಋಣದ ವಿಷಯವನ್ನು. ನಡುಗಡಲಿನಲ್ಲಿ ನಡೆದ ಅನ್ಯಾಯಕ್ಕೆ ಸಾಕ್ಷಿಯಿಲ್ಲ. ಅಲೆ ಎಲ್ಲವನ್ನೂ ಮುಚ್ಚುತ್ತದೆ. ಕಪ್ತಾನನ ಹಟಕ್ಕೆ ಬಲಿಯಾದವರ ಪರವಾಗಿ ಕೇಳುವವರಾರು? ಕಾನೂನು ತಲುಪದ ಆ ಎಡೆಯಲ್ಲಿ ಸಾಕ್ಷಿ ನುಡಿಯಲು ಕಥೆಗಾರನು ಪ್ರೇತವನ್ನು ಕರೆದನು.

ನಮ್ಮ ಕರಾವಳಿಯಲ್ಲಿಯೂ ಕಡಲಿನಲ್ಲಿ ಮಡಿದವನ ಕಥೆಯಿದೆ. ಆದರೆ ಅದರ ನಡೆ ಬೇರೆ. ತುಳುನಾಡಿನ ಮೊಗವೀರರು ಆರಾಧಿಸುವ ಬೊಬ್ಬರ್ಯನು, ಪಾಡ್ದನಗಳ ಪ್ರಕಾರ, ಮುಸಲ್ಮಾನ ವರ್ತಕನ ಮಗ. ಕಡಲ ವ್ಯಾಪಾರಕ್ಕೆ ಹೋಗಿ ಅಲ್ಲಿಯೇ ಅಳಿದು ದೈವವಾದವನು. ಡಚ್ ಕಪ್ತಾನನ ಪ್ರೇತವನ್ನು ಕಂಡ ನಾವಿಕರು ದೂರ ಓಡಿದರು. ಇಲ್ಲಿಯ ಮೀನುಗಾರರು ಸತ್ತವನಿಗೆ ಒಂದು ಸ್ಥಾನ ಕೊಟ್ಟು, ಅವನನ್ನು ತಮ್ಮ ದೋಣಿಗಳ ಕಾವಲುಗಾರನನ್ನಾಗಿ ಮಾಡಿಕೊಂಡರು. ಹುಟ್ಟಿದ ಮತ ಅದಕ್ಕೆ ಅಡ್ಡಿಯಾಗಲಿಲ್ಲ.

ಬಯಲುಸೀಮೆಯಲ್ಲಿ ಕಡಲಿನ ಸ್ಥಾನವನ್ನು ಕೆರೆ ತುಂಬಿದೆ. ಕುಣಿಗಲ್ ಕೆರೆಯ ಸೊಬಗನ್ನು ಕೊಂಡಾಡುವ ಜನಪದ ಗೀತೆ ನಾಡಿಗೆಲ್ಲ ಪರಿಚಿತ. ಕೆರೆಯ ಮೇಲಿನ ಹಾಡುಗಳೆಲ್ಲ ಸೊಬಗಿನ ಹಾಡುಗಳಲ್ಲ. ‘ಕೆರೆಗೆ ಹಾರ’ದಲ್ಲಿ ನೀರು ಬರಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ, ದಂಡಿನಿಂದ ಮರಳಿದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಅಲ್ಲಿ ಪ್ರೇತ ಕಾಣಿಸುವುದಿಲ್ಲ. ಪ್ರೇತ ಮಾಡಬೇಕಾದ ಕೆಲಸವನ್ನು ಹಾಡೇ ಮಾಡಿದೆ. ಕೆರೆಯ ನೀರನ್ನು ಉಂಡ ಊರು, ಅದಕ್ಕೆ ತೆತ್ತ ಜೀವವನ್ನು ಮರೆಯದಂತೆ ತಲೆಮಾರುಗಳ ಕಾಲ ಹೆಂಗಸರ ಕೊರಳು ನೆನಪಿಸಿದೆ. ಊರೂರು ತಿರುಗಿ ಕಥೆ ಹೇಳುವ ಕೋಲ್‌ರಿಜ್ಜನ ನಾವಿಕನಿಗೂ ಈ ಗರತಿಯರಿಗೂ ದೂರದ ಬಳಗವಿದೆ.

ಪ್ರೇತಕಥೆಯನ್ನು ಓದಿದ ಬಾಲಕನು ‘ಇದು ನಿಜವೇ?’ ಎಂದು ಕೇಳುವುದು ಸಹಜ. ನಿಜವೆಂದರೆ ಮೂಢನಂಬಿಕೆಗೆ ನೀರೆರೆದಂತೆ. ಸುಳ್ಳೆಂದು ಗದರಿದರೆ ಕಥೆಯ ತಿರುಳನ್ನೇ ಎಸೆದಂತೆ. ಭೂತ ಬಿಡಿಸುವ ನೆಪದಲ್ಲಿ ಹೊಡೆದು ಹಿಂಸಿಸುವಂಥ ಕೃತ್ಯಗಳನ್ನು ಕರ್ನಾಟಕವು ೨೦೧೭ರಲ್ಲಿ ಕಾನೂನು ಮಾಡಿ ನಿಷೇಧಿಸಿದೆ. ಅದು ಅಗತ್ಯವಾಗಿಯೇ ಇತ್ತು. ಕಥೆಯ ಪ್ರೇತ ಯಾರ ಮೈಮೇಲೂ ಬರುವಂಥದಲ್ಲ, ಮನಸ್ಸಾಕ್ಷಿಯ ಮೇಲೆ ಬರುವಂಥದು. ಹಡಗು ತೇಲಿದಂತೆ ಕಾಣುವುದು ಹೇಗೆಂದು ವಿಜ್ಞಾನದ ಅಧ್ಯಾಪಕರು ತಿಳಿಸಲಿ. ಅದರಲ್ಲಿರುವವರು ಮನೆಗೆ ಕಾಗದ ಬರೆಯುವುದೇಕೆಂದು ಭಾಷೆಯ ಅಧ್ಯಾಪಕರು ತಿಳಿಸಲಿ. ಎರಡನ್ನೂ ಕೇಳಿದ ಮಗು ಕತ್ತಲಿಗೆ ಅಂಜದೆ, ಅನ್ಯಾಯಕ್ಕೆ ಅಂಜುವುದನ್ನು ಕಲಿಯುತ್ತದೆ.