ಪರದೇಶದಲ್ಲೊಂದು ಮನೆ, ಆ ಮನೆಗೊಬ್ಬಳು ಮಗಳು

ಮಕ್ಕಳನ್ನು ಓದಲು ವಿದೇಶಕ್ಕೆ ಕಳುಹಿಸುವುದು ಇಂದು ನಮ್ಮ ಸಮುದಾಯಕ್ಕೆ ಹೊಸತೇನಲ್ಲ. ಆದರೆ ಹೆಚ್ಚಿನವರು ಹೋಗುವುದು ಕಾಲೇಜು ವ್ಯಾಸಂಗಕ್ಕೆ. ಅವರು ಉಳಿಯುವುದು ಹಾಸ್ಟೆಲಿನಲ್ಲಿ ಅಥವಾ ಗೆಳೆಯರೊಂದಿಗೆ ಬಾಡಿಗೆ ಕೋಣೆಯಲ್ಲಿ. ಹದಿನಾರರ ಹರೆಯದ ಹುಡುಗಿಯೊಬ್ಬಳು ಮುಖಪರಿಚಯವೂ ಇಲ್ಲದ ಕ್ರೈಸ್ತ ಕುಟುಂಬಗಳಲ್ಲಿ ಮನೆಮಗಳಂತೆ ಹತ್ತು ತಿಂಗಳು ಬಾಳಿ ಬರುವುದು ಬೇರೆಯೇ ಅನುಭವ. ನಾನು ಹಾಗೆ ಬಾಳಿ ಬಂದವಳು. 2010ರ ಆಗಸ್ಟ್‌ನಿಂದ 2011ರ ಜೂನ್‌ವರೆಗೆ ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರೊಂದರ ಹೈಸ್ಕೂಲಿನಲ್ಲಿ ಓದಿದೆ. ಅಲ್ಲಿ ಎರಡು ಮನೆಗಳು ನನಗೆ ಆಶ್ರಯ ನೀಡಿದವು.

ಇಂದಿಗೂ ತಾಯಂದಿರು ನನ್ನಲ್ಲಿ ಕೇಳುವ ಪ್ರಶ್ನೆಗಳು ಮೂರೇ. ನಮಾಝಿಗೆ ಏನು ಮಾಡಿದೆ? ಊಟಕ್ಕೆ ಏನು ಮಾಡಿದೆ? ಹೆದರಿಕೆಯಾಗಲಿಲ್ಲವೇ? ಈ ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಹೋದದ್ದು ಹೇಗೆ?

2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅಮೆರಿಕನ್ನರಿಗೂ ಮುಸ್ಲಿಮ್ ಜಗತ್ತಿಗೂ ನಡುವೆ ದೊಡ್ಡ ಕಂದಕವೇ ನಿರ್ಮಾಣವಾಯಿತು. ಅದನ್ನು ಸ್ವಲ್ಪವಾದರೂ ತುಂಬಬೇಕೆಂದು ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಎಂಬ ಇಬ್ಬರು ಸೆನೆಟರ್‌ಗಳು ಮುಂದಾದರು. ಒಬ್ಬರು ಡೆಮಾಕ್ರಟಿಕ್ ಪಕ್ಷದವರು, ಇನ್ನೊಬ್ಬರು ರಿಪಬ್ಲಿಕನ್ ಪಕ್ಷದವರು. ಹೀಗೆ 2002ರಲ್ಲಿ 'ಯೂತ್ ಎಕ್ಸ್‌ಚೇಂಜ್ ಆಂಡ್ ಸ್ಟಡಿ', ಸಂಕ್ಷಿಪ್ತವಾಗಿ 'ಯೆಸ್' ಎಂಬ ಯೋಜನೆ ಆರಂಭವಾಯಿತು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಹೈಸ್ಕೂಲ್ ವಿದ್ಯಾರ್ಥಿಗಳು ಒಂದು ಶೈಕ್ಷಣಿಕ ವರ್ಷವನ್ನು ಅಮೆರಿಕದ ಕುಟುಂಬಗಳ ಜೊತೆ ಕಳೆಯುವುದು ಇದರ ತಿರುಳು. ನಮ್ಮ ದೇಶದಿಂದಲೂ ಮಕ್ಕಳು ಹೋಗಿದ್ದಾರೆ. ಪ್ರಯಾಣ, ವಿಮೆ ಮತ್ತು ಸಣ್ಣ ಕೈಖರ್ಚು ವಿದ್ಯಾರ್ಥಿವೇತನದಲ್ಲೇ ಸೇರಿರುತ್ತದೆ. ಇಂಗ್ಲಿಷ್ ಪರೀಕ್ಷೆ, ಪ್ರಬಂಧ, ಸಂದರ್ಶನಗಳನ್ನು ದಾಟಿದವರಿಗೆ ಮಾತ್ರ ಅವಕಾಶ.

ಆತಿಥ್ಯ ನೀಡುವ ಕುಟುಂಬಗಳಿಗೆ ಒಂದು ಡಾಲರ್ ಸಂಬಳವೂ ಇಲ್ಲ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಅವರು ತಾವಾಗಿಯೇ ಮುಂದೆ ಬರುವವರು. ಅವರ ಮನೆಯನ್ನು ಬಂದು ನೋಡುತ್ತಾರೆ. ಆ ಮನೆಯ ವಯಸ್ಕರೆಲ್ಲರ ಮೇಲೆ ಯಾವುದಾದರೂ ಅಪರಾಧದ ದಾಖಲೆಯಿದೆಯೇ ಎಂದು ಪರಿಶೀಲಿಸುತ್ತಾರೆ. ಸ್ಥಳೀಯ ಸಂಯೋಜಕರೊಬ್ಬರು ಪ್ರತಿ ತಿಂಗಳು ವಿದ್ಯಾರ್ಥಿಯೊಂದಿಗೂ ಮನೆಯವರೊಂದಿಗೂ ಮಾತನಾಡುತ್ತಾರೆ. ಹೊಂದಾಣಿಕೆಯಾಗದಿದ್ದರೆ ಮನೆ ಬದಲಾಯಿಸಬಹುದು. ಇಷ್ಟೆಲ್ಲ ವಿವರಿಸಿದ ಮೇಲೂ ನನ್ನ ಅಜ್ಜಿ ಒಪ್ಪಿರಲಿಲ್ಲ. "ಬೇರೆಯವರ ಮನೆಯ ಅನ್ನ ತಿಂದವಳು ಅವರ ಮಾತನ್ನೇ ಆಡುತ್ತಾಳೆ" ಎಂಬುದು ಅವರ ಭಯ. ನನ್ನ ಉಮ್ಮ ಮಾತ್ರ ಒಂದೇ ಮಾತು ಹೇಳಿದರು: "ಹೋದ ದಿನವೇ ನೀನು ಯಾರೆಂದು ಹೇಳಿಬಿಡು. ತಡಮಾಡಿದರೆ ಹೇಳುವುದು ಕಷ್ಟವಾಗುತ್ತದೆ."

ಮೊದಲ ರಾತ್ರಿಯ ಮಾತುಕತೆ

ನಾನು ತಲುಪಿದಾಗ ರಮಝಾನಿನ ಮೊದಲ ವಾರ. ಮೊದಲ ಮನೆಯಲ್ಲಿ ಇದ್ದವರು ನಿವೃತ್ತ ದಂಪತಿ. ಇಂತಹ ಮನೆಗಳನ್ನು ಸ್ವಾಗತದ ಮನೆ ಎನ್ನುತ್ತಾರೆ. ಸ್ಥಿರವಾದ ಮನೆ ಸಿಗುವವರೆಗೆ ಎರಡು ತಿಂಗಳ ಮಟ್ಟಿಗೆ ಅಲ್ಲಿ ವಾಸ. ಉಮ್ಮನ ಮಾತನ್ನು ಪಾಲಿಸಿ ಆ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದ ವಿಷಯಗಳನ್ನು ಅವರ ಮುಂದಿಟ್ಟೆ. ದಿನಕ್ಕೆ ಐದು ಬಾರಿ ನಮಾಝ್ ಮಾಡುತ್ತೇನೆ. ತಲೆವಸ್ತ್ರ ತೆಗೆಯುವುದಿಲ್ಲ. ಹಂದಿ ಮಾಂಸ ಮತ್ತು ಮದ್ಯ ಸೇರಿದ ಯಾವುದನ್ನೂ ಮುಟ್ಟುವುದಿಲ್ಲ. ಈ ತಿಂಗಳಿಡೀ ಹಗಲು ನೀರನ್ನೂ ಕುಡಿಯುವುದಿಲ್ಲ.

"ನೀರೂ ಇಲ್ಲವೇ?" ಎಂದು ಆಕೆ ಗಾಬರಿಯಿಂದ ಕೇಳಿದರು. ಬಳಿಕ ಒಂದು ಪೆನ್ಸಿಲ್ ತಂದು ಹಾಳೆಯ ಬದಿಯಲ್ಲಿ ಸಹ್ರಿ ಮತ್ತು ಇಫ್ತಾರಿನ ಸಮಯ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಅಲ್ಲಿ ಆಗಸ್ಟ್ ತಿಂಗಳ ಉಪವಾಸ ಬೆಳಿಗ್ಗೆ ಐದಕ್ಕೆ ಮುಂಚೆ ಆರಂಭವಾಗಿ ರಾತ್ರಿ ಎಂಟರವರೆಗೆ ಮುಂದುವರಿಯುತ್ತದೆ.

ಅವರಲ್ಲಿ ಒಂದು ನಾಯಿ ಇತ್ತು. ಶಾಫಿಈ ಕರ್ಮಶಾಸ್ತ್ರ ಅನುಸರಿಸುವ ಕರಾವಳಿಯ ಮನೆಯಿಂದ ಹೋದ ನನಗೆ ಅದು ದೊಡ್ಡ ಸಮಸ್ಯೆ. ನಾಯಿಯ ಜೊಲ್ಲು ತಾಗಿದರೆ ಮಣ್ಣು ಬೆರೆಸಿದ ನೀರಿನಿಂದ ಒಮ್ಮೆ, ಒಟ್ಟು ಏಳು ಬಾರಿ ತೊಳೆಯಬೇಕು. ಇದನ್ನು ವಿವರಿಸಿದಾಗ ಮನೆಯ ಯಜಮಾನರು ನಗಲಿಲ್ಲ. ಮರುದಿನವೇ ನನ್ನ ಕೋಣೆಯ ಬಾಗಿಲಿಗೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಹಾಕುವಂತಹ ಗೇಟೊಂದನ್ನು ಕೂರಿಸಿದರು. ಬೇಸಿನ್‌ನಲ್ಲಿ ಕಾಲು ತೊಳೆದು ವುಝೂ ಮಾಡುವುದನ್ನು ನೋಡಿ ಮಾತ್ರ ಆಕೆಗೆ ನಗು ತಡೆಯಲಾಗಲಿಲ್ಲ. ನೆಲ ಒದ್ದೆಯಾಗದಂತೆ ಒಂದು ದಪ್ಪ ಮ್ಯಾಟ್ ತಂದು ಹಾಕಿದರು.

ಕಿಬ್ಲಾದ ವಿಷಯದಲ್ಲಿ ನಾನೇ ಅಚ್ಚರಿಪಟ್ಟೆ. ಹುಟ್ಟಿದಾಗಿನಿಂದ ಪಶ್ಚಿಮಕ್ಕೆ ಮುಖಮಾಡಿ ನಮಾಝ್ ಮಾಡಿದವಳು ಅಲ್ಲಿ ಈಶಾನ್ಯಕ್ಕೆ ತಿರುಗಬೇಕಾಯಿತು. ಭೂಮಿ ಉರುಟಾಗಿದೆ ಎಂದು ಪುಸ್ತಕದಲ್ಲಿ ಓದಿದ್ದು ಆ ದಿನ ಮುಸಲ್ಲಾದ ಮೇಲೆ ಅರ್ಥವಾಯಿತು.

ಹಂದಿಗಳ ನಾಡಿನಲ್ಲಿ ಊಟ

ಅಯೋವಾ ಎಂದರೆ ಜೋಳ ಮತ್ತು ಸೋಯಾಬೀನ್ ಹೊಲಗಳು. ಹಂದಿ ಸಾಕಣೆಯಲ್ಲಿ ಅಮೆರಿಕಕ್ಕೇ ಮೊದಲ ಸ್ಥಾನದ ರಾಜ್ಯ. ಮನುಷ್ಯರಿಗಿಂತ ಹಂದಿಗಳ ಸಂಖ್ಯೆಯೇ ಅಲ್ಲಿ ಹಲವು ಪಟ್ಟು ಹೆಚ್ಚು. ಶಾಲೆಯ ಪಿಜ್ಜಾದ ಮೇಲಿನ ಪೆಪರೋನಿ, ಬೀನ್ಸ್ ಸಾರಿನಲ್ಲಿ ಬೇಕನ್ ಚೂರು, ಕೆಲವು ಬೇಕರಿ ತಿಂಡಿಗಳಲ್ಲಿ ಹಂದಿಯ ಕೊಬ್ಬು. ಮಕ್ಕಳು ತಿನ್ನುವ ಮಾರ್ಷ್‌ಮ್ಯಾಲೊ ಮಿಠಾಯಿಯಲ್ಲೂ ಸಾಮಾನ್ಯವಾಗಿ ಹಂದಿಯ ಜೆಲಾಟಿನ್ ಇರುತ್ತದೆ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದುವ ಅಭ್ಯಾಸ ನನಗೆ ಅಂಟಿದ್ದು ಅಲ್ಲಿ. ಅಲ್ಲಿನ ಕೋಳಿ, ದನದ ಮಾಂಸದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಸಂಶಯವಿರುವುದನ್ನು ಬಿಟ್ಟುಬಿಡುವುದೇ ಒಳಿತೆಂದು ನಮ್ಮ ಮನೆಯಲ್ಲಿ ನಿರ್ಧರಿಸಿದ್ದರಿಂದ ಹತ್ತು ತಿಂಗಳು ಮೀನು, ಮೊಟ್ಟೆ, ತರಕಾರಿಯಲ್ಲೇ ಕಳೆದೆ. ಹಸಿವಿನಿಂದ ಮಲಗಿದ ದಿನ ಒಂದೂ ಇಲ್ಲ, ಅಲ್‌ಹಮ್ದುಲಿಲ್ಲಾಹ್.

ಆ ವರ್ಷದ ಈದ್

2010ರ ಈದುಲ್ ಫಿತ್ರ್ ಸೆಪ್ಟೆಂಬರ್ 10ರಂದು ಬಂತು. ಮರುದಿನ ಸೆಪ್ಟೆಂಬರ್ 11. ಫ್ಲೋರಿಡಾದ ಪಾದ್ರಿಯೊಬ್ಬ ಆ ದಿನ ಕುರ್‌ಆನ್ ಪ್ರತಿಗಳನ್ನು ಸುಡುವುದಾಗಿ ಘೋಷಿಸಿದ್ದ. ನ್ಯೂಯಾರ್ಕಿನ ದಾಳಿಯ ಸ್ಥಳದ ಸಮೀಪ ಇಸ್ಲಾಮೀ ಕೇಂದ್ರ ನಿರ್ಮಿಸುವ ಬಗ್ಗೆಯೂ ವಿವಾದ ಎದ್ದಿತ್ತು. ಟಿ.ವಿ. ಹಾಕಿದರೆ ಅದೇ ಸುದ್ದಿ. ಊರಿನಿಂದ ಫೋನ್ ಮಾಡಿದ ಅಬ್ಬ "ಬೇಕಿದ್ದರೆ ವಾಪಸು ಬಂದುಬಿಡು" ಎಂದರು. ಕೊನೆಗೆ ಅಧ್ಯಕ್ಷ ಒಬಾಮರ ಸಹಿತ ಹಲವರು ವಿರೋಧಿಸಿದ್ದರಿಂದ ಆತ ಆ ದಿನ ಹಿಂಜರಿದ. ಮುಂದಿನ ಮಾರ್ಚ್‌ನಲ್ಲಿ ಆ ಕೃತ್ಯ ನಡೆದೇ ಹೋಯಿತು ಎಂಬುದು ಬೇರೆ ಮಾತು.

ನಮ್ಮ ಮನೆಯ ಹಿರಿಯಾಕೆ ಈ ಸುದ್ದಿಯ ಬಗ್ಗೆ ಉದ್ದದ ಮಾತೇನೂ ಆಡಲಿಲ್ಲ. ಶಾಲೆಗೆ ರಜೆಚೀಟಿ ಬರೆದುಕೊಟ್ಟರು. ಈದ್ ದಿನ ಬೆಳಿಗ್ಗೆ ನನ್ನನ್ನು ಕಾರಿನಲ್ಲಿ ಸೀಡರ್ ರ್‍ಯಾಪಿಡ್ಸ್ ನಗರಕ್ಕೆ ಕರೆದೊಯ್ದು, ತಲೆಗೊಂದು ಸ್ಕಾರ್ಫ್ ಸುತ್ತಿಕೊಂಡು ಸ್ತ್ರೀಯರ ಸಾಲಿನ ಹಿಂದೆ ಕುರ್ಚಿಯಲ್ಲಿ ಕುಳಿತು ನಮಾಝ್ ಮುಗಿಯುವವರೆಗೆ ಕಾದರು. ಆ ಊರಿನಲ್ಲಿ 1934ರಲ್ಲಿ ಕಟ್ಟಿದ 'ಮದರ್ ಮಾಸ್ಕ್' ಇದೆ. ಮಸೀದಿಗೆಂದೇ ಕಟ್ಟಿದ ಕಟ್ಟಡಗಳಲ್ಲಿ ಅಮೆರಿಕದಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯದು ಅದುವೇ. ಲೆಬನಾನ್ ಮತ್ತು ಸಿರಿಯಾ ಕಡೆಯಿಂದ ವಲಸೆ ಬಂದವರು ಕಟ್ಟಿದ, ಹಸಿರು ಗುಮ್ಮಟದ ಸಣ್ಣ ಮರದ ಕಟ್ಟಡ. ದೊಡ್ಡ ಮಸೀದಿಯಾದ ಬಳಿಕ ಇದನ್ನು ಮಾರಿದ್ದರು. ನಡುವೆ ಇದು ಚರ್ಚ್ ಕೂಡ ಆಗಿತ್ತು. 1990ರಲ್ಲಿ ಮುಸ್ಲಿಮರು ಮತ್ತೆ ಕೊಂಡು ದುರಸ್ತಿಗೊಳಿಸಿದರು. ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಅಜ್ಜಿಗೆ ಕಳುಹಿಸಿದೆ. "ಅಲ್ಲೂ ನಮ್ಮವರು ಇದ್ದಾರಲ್ಲ" ಎಂದರಂತೆ.

ಅತಿಥಿಯಲ್ಲ, ಮಗಳು

ಅಕ್ಟೋಬರಿನಲ್ಲಿ ಎರಡನೇ ಮನೆಗೆ ಹೋದೆ. ಕೃಷಿಕ ಕುಟುಂಬ, ನನ್ನದೇ ತರಗತಿಯ ಒಬ್ಬ ಮಗಳು, ಇಬ್ಬರು ಸಣ್ಣ ಗಂಡುಮಕ್ಕಳು. ಅಲ್ಲಿ ನಾನು ಅತಿಥಿಯಲ್ಲ ಎಂಬುದು ಮೊದಲ ವಾರದಲ್ಲೇ ತಿಳಿಯಿತು. ಗೋಡೆಯ ಮೇಲಿನ ಕೆಲಸದ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಮಂಗಳವಾರ ಪಾತ್ರೆ, ಶನಿವಾರ ಬಚ್ಚಲುಮನೆ. ಬಟ್ಟೆ ಒಗೆದು ಮಡಚುವುದು ಅವರವರ ಜವಾಬ್ದಾರಿ. ಮನೆಯ ಗಂಡುಮಕ್ಕಳೂ ಪಾತ್ರೆ ತೊಳೆಯುತ್ತಿದ್ದರು. ಸಂಜೆ ಆರಕ್ಕೆ ಎಲ್ಲರೂ ಮೇಜಿನ ಸುತ್ತ ಸೇರಲೇಬೇಕು, ಅಲ್ಲಿ ಟಿ.ವಿ. ಇಲ್ಲ, ಫೋನ್ ಇಲ್ಲ.

ನವೆಂಬರಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಿಟ್ಟ ಮೇಲೆ ಸಂಜೆ ಐದಕ್ಕೆ ಮುಂಚೆಯೇ ಮಗ್ರಿಬ್. ಶಾಲೆಯ ಊಟದ ವಿರಾಮದಲ್ಲಿ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಝುಹರ್, ಮನೆಗೆ ಬಂದು ಅಸರ್. ರವಿವಾರ ಅವರು ಚರ್ಚಿಗೆ ಹೋಗುವಾಗ ನನಗೆ ಒತ್ತಾಯವಿರಲಿಲ್ಲ. "ಆ ಸ್ಕಾರ್ಫನ್ನು ಯಾರಾದರೂ ಬಲವಂತದಿಂದ ತೊಡಿಸಿದರೇ?" ಎಂದು ಆ ತಾಯಿ ಒಮ್ಮೆ ನೇರವಾಗಿಯೇ ಕೇಳಿದರು. ಇಲ್ಲ ಎಂದೆ, ಕಾರಣ ಹೇಳಿದೆ. ನಮ್ಮಲ್ಲಿ ಹಿರಿಯರನ್ನು ವೃದ್ಧಾಶ್ರಮಕ್ಕೆ ಸೇರಿಸುವುದನ್ನು ತಪ್ಪೆಂದು ಭಾವಿಸುತ್ತೇವೆ ಎಂದಾಗ, ಪ್ರತಿ ಬುಧವಾರ ವೃದ್ಧಾಶ್ರಮದಲ್ಲಿರುವ ತಮ್ಮ ತಾಯಿಯ ಬಳಿ ಮೂರು ಗಂಟೆ ಕುಳಿತುಬರುವ ಅವರು ನನ್ನನ್ನೂ ಕರೆದೊಯ್ದರು. ಅವರ ಬಗ್ಗೆ ನಾನು ಕೇಳಿದ್ದ ಕಥೆಗಳಂತೆಯೇ, ನಮ್ಮ ಬಗ್ಗೆ ಅವರು ಕೇಳಿದ್ದ ಕಥೆಗಳೂ ಅರ್ಧ ಮಾತ್ರ ಎಂಬುದು ಇಬ್ಬರಿಗೂ ಅರಿವಾಯಿತು.

ಶಾಲೆಯ ವರ್ಷಾಂತ್ಯದ ನೃತ್ಯಕೂಟ ಅಲ್ಲಿ ಹುಡುಗಿಯರಿಗೆ ದೊಡ್ಡ ಸಂಭ್ರಮ. ನಾನು ಹೋಗುವುದಿಲ್ಲ ಎಂದೆ. ನನ್ನ ಜೊತೆಗಾತಿಯ ಕೈಗಳಿಗೆ ಮದರಂಗಿ ಹಚ್ಚಿದೆ. ಮರುದಿನ ಅವಳ ಐವರು ಗೆಳತಿಯರು ಅಂಗೈ ಚಾಚಿಕೊಂಡು ಅಡುಗೆಮನೆಯಲ್ಲಿ ಸಾಲಾಗಿ ಕುಳಿತಿದ್ದರು. ಬೆಳಗಿನ ತಿಂಡಿಗೆ ಮಿಕ್ಸಿಯಲ್ಲಿ ಅಕ್ಕಿ ಅರೆದು ನೀರುದೋಸೆ ಮಾಡಿಕೊಟ್ಟೆ.

2011ರ ಮೇ 1ರ ರವಿವಾರ ರಾತ್ರಿ ಒಸಾಮಾ ಬಿನ್ ಲಾದಿನ್ ಹತನಾದ ಸುದ್ದಿ ಬಂತು. ಮರುದಿನ ಬೆಳಿಗ್ಗೆ ಶಾಲೆಯ ಮೊಗಸಾಲೆಯಲ್ಲಿ ಹುಡುಗನೊಬ್ಬ "ನಿನ್ನ ಚಿಕ್ಕಪ್ಪ ಸತ್ತನಂತೆ, ಪಾಪ" ಎಂದು ಕೂಗಿದ. ಕೆಲವರು ನಕ್ಕರು. ನಾನು ಏನಾದರೂ ಹೇಳುವ ಮೊದಲೇ ನನ್ನ ಜೊತೆಗಾತಿ ಅವನ ಮುಂದೆ ನಿಂತು, "ಅವಳು ನನ್ನ ತಂಗಿ. ಅವಳಲ್ಲಿ ಏನು ಹೇಳುವುದಿದ್ದರೂ ನನ್ನಲ್ಲಿ ಹೇಳು" ಎಂದಳು. ಅಂದು ಸಂಜೆ ಮೇಜಿನ ಸುತ್ತ ಆ ಸುದ್ದಿಯ ಬಗ್ಗೆ ಒಂದು ಗಂಟೆ ಮಾತಾಯಿತು. ನಿರಪರಾಧಿಗಳ ಕೊಲೆಯನ್ನು ನನ್ನ ಧರ್ಮ ಏಕೆ ಒಪ್ಪುವುದಿಲ್ಲ ಎಂದು ಹೇಳಿದೆ. ಅಫ್ಘಾನಿಸ್ತಾನ, ಇರಾಕ್‌ಗಳಲ್ಲಿ ಸತ್ತವರ ಬಗ್ಗೆಯೂ ಹೇಳಿದೆ. ಎಲ್ಲವನ್ನೂ ಅವರು ಒಪ್ಪಲಿಲ್ಲ, ಆದರೆ ಎಲ್ಲವನ್ನೂ ಕೇಳಿಸಿಕೊಂಡರು.

ಮರಳಿ ಬಾರದ ಸಬೀಕಾ

ಅನುಭವ ಸಿಹಿಯಾಗಿತ್ತೆಂದು ಅಪಾಯವೇ ಇಲ್ಲ ಎನ್ನಲಾಗದು. ಇದೇ ಯೋಜನೆಯಲ್ಲಿ ಕರಾಚಿಯಿಂದ ಟೆಕ್ಸಾಸ್‌ಗೆ ಹೋಗಿದ್ದ ಹದಿನೇಳರ ಸಬೀಕಾ ಶೇಖ್, 2018ರ ಮೇ 18ರಂದು ಸಾಂಟಾ ಫೆ ಹೈಸ್ಕೂಲಿನಲ್ಲಿ ನಡೆದ ಗುಂಡಿನ ದಾಳಿಗೆ ಬಲಿಯಾದಳು. ಅಂದು ಸತ್ತವರು ಹತ್ತು ಮಂದಿ. ಗುಂಡು ಹಾರಿಸಿದ ಆರೋಪ ಹೊತ್ತವನು ಅದೇ ಶಾಲೆಯ ವಿದ್ಯಾರ್ಥಿ. ರಮಝಾನ್ ಆಗಷ್ಟೇ ಆರಂಭವಾಗಿತ್ತು. ಕೆಲವೇ ವಾರಗಳಲ್ಲಿ ಅವಳು ಈದ್‌ಗೆಂದು ಮನೆಗೆ ಮರಳುವವಳಿದ್ದಳು. ಅವಳಿಗೆ ಆಶ್ರಯ ನೀಡಿದ್ದ ಕ್ರೈಸ್ತ ಕುಟುಂಬ ಅವಳ ಜೊತೆ ತಾನೂ ಉಪವಾಸ ಆರಂಭಿಸಿತ್ತು. ಕರಾಚಿಯಲ್ಲೊಂದು, ಟೆಕ್ಸಾಸ್‌ನಲ್ಲೊಂದು, ಎರಡು ಮನೆಗಳು ಮಗಳನ್ನು ಕಳಕೊಂಡವು. ಈ ಸುದ್ದಿ ಓದಿದ ದಿನ ನನ್ನ ಅಯೋವಾದ ತಾಯಿ ಫೋನ್ ಮಾಡಿ ಬಹಳ ಹೊತ್ತು ಅತ್ತರು. ಅಮೆರಿಕದ ಶಾಲೆಗಳಲ್ಲಿ ಬಂದೂಕಿನ ಭಯ ನಿಜ. ಮಗಳನ್ನು ಕಳುಹಿಸುವವರು ಅದನ್ನು ತಿಳಿದೇ ನಿರ್ಧರಿಸಬೇಕು.

ತಾಯಂದಿರಿಗೆ ಕೆಲವು ಮಾತು

ಮಗಳನ್ನು ಕಳುಹಿಸುವ ಯೋಚನೆಯಿದ್ದರೆ ಮೊದಲು ಯೋಜನೆಯ ನಿಯಮಗಳನ್ನು ನೀವೇ ಓದಿ. ಆತಿಥ್ಯದ ಮನೆಯವರ ವಿವರ ಮತ್ತು ಸಂಯೋಜಕರ ಫೋನ್ ನಂಬರ್ ಪಡೆದ ಬಳಿಕವೇ ಮುಂದಿನ ಹೆಜ್ಜೆ. ಪೂರ್ಣ ವಿದ್ಯಾರ್ಥಿವೇತನದ ಹೆಸರಿನಲ್ಲಿ ದುಡ್ಡು ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ಅನುದಾನ ಮತ್ತು ವೀಸಾ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ. ಅರ್ಜಿಯಲ್ಲಿ ಊಟ, ನಮಾಝ್, ಸಾಕುಪ್ರಾಣಿಗಳ ವಿಷಯ ಮುಚ್ಚಿಡದೆ ಬರೆಯಿರಿ. ಮಗಳಿಗೆ ಅಡುಗೆ, ಬಟ್ಟೆ ಒಗೆಯುವುದು, ಇಲ್ಲ ಎಂದು ನಗುತ್ತಲೇ ಹೇಳುವುದು ಬರಬೇಕು. ಯಾರದಾದರೂ ವರ್ತನೆ ಇರಿಸುಮುರಿಸು ಉಂಟುಮಾಡಿದರೆ ಅದೇ ದಿನ ಸಂಯೋಜಕರಿಗೂ ನಿಮಗೂ ತಿಳಿಸುವ ಧೈರ್ಯ ಕೊಡಿ. ಏಕೆ ನಮಾಝ್, ಏಕೆ ಹಿಜಾಬ್ ಎಂಬುದು ಅವಳಿಗೇ ಗೊತ್ತಿರಲಿ. ಉಮ್ಮ ಹೇಳಿದ್ದಾರೆ ಎಂಬ ಉತ್ತರ ಅಲ್ಲಿ ಒಂದು ವಾರವೂ ಸಾಲದು.

ಇನ್ನೊಂದು ಮಾತು. ಇಂತಹ ಸಂಸ್ಥೆಗಳ ಮೂಲಕ ವಿದೇಶಿ ವಿದ್ಯಾರ್ಥಿಗಳು ನಮ್ಮ ದೇಶಕ್ಕೂ ಬಂದು ಕುಟುಂಬಗಳಲ್ಲಿ ಉಳಿಯುತ್ತಾರೆ. ಅತಿಥಿಯನ್ನು ಗೌರವಿಸುವುದು ಈಮಾನಿನ ಭಾಗವೆಂದು ಕಲಿತವರು ನಾವು. ಅನ್ಯಧರ್ಮೀಯ ಹುಡುಗಿಯೊಬ್ಬಳಿಗಾಗಿ ಫ್ರಿಜ್ಜಿನ ಬಾಗಿಲಿಗೆ ಸಹ್ರಿಯ ಸಮಯ ಅಂಟಿಸಿದ ಆ ಮನೆಯವರಂತೆ, ಬೇರೆ ನಂಬಿಕೆಯ ಮಗುವೊಂದಕ್ಕೆ ಒಂದು ಕೋಣೆ, ಮೇಜಿನ ಸುತ್ತ ಒಂದು ಕುರ್ಚಿ ಕೊಡಲು ನಮ್ಮಲ್ಲಿ ಎಷ್ಟು ಮನೆಗಳು ಸಿದ್ಧವಿವೆ? ನಮ್ಮ ಬಗ್ಗೆ ಜಗತ್ತು ತಪ್ಪು ತಿಳಿದಿದೆ ಎಂದು ದೂರುವ ಮೊದಲು, ನಮ್ಮನ್ನು ಹತ್ತಿರದಿಂದ ನೋಡಲು ನಾವೆಷ್ಟು ಮಂದಿಯನ್ನು ಒಳಗೆ ಕರೆದಿದ್ದೇವೆ ಎಂದು ಯೋಚಿಸಬೇಕಾಗಿದೆ.